ಎಂಜಿನ್ನಿನ ಸದ್ದು ಕೇಳುವುದು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಮಕ್ಕಳು, ಹಳೆಯ ವಿದ್ಯಾರ್ಥಿಗಳು ಹಾಗೂ ಊರಿನವರ ಮುಂದೆ ಆಡಿದ ಮಾತುಗಳ ಬರಹರೂಪ)



ಉಪನ್ಯಾಸ ಕೊಡಬೇಕು ಅಂತ ಹಳೆಯ ವಿದ್ಯಾರ್ಥಿಗಳ ಸಂಘದವರು ಬಂದು ಕೇಳಿದಾಗ ನಾನು ಲಾರಿ ಕೆಳಗೆ ಮಲಗಿದ್ದೆ. ಹೊರಗೆ ಬಂದು, "ನನಗೆ ಭಾಷಣ ಬರಲ್ಲ, ಬೇಕಿದ್ದರೆ ಮೈಕಿನ ಜನರೇಟರ್ ರಿಪೇರಿ ಮಾಡಿಕೊಡ್ತೀನಿ" ಅಂದೆ. ಅವರು ಬಿಡಲಿಲ್ಲ. "ನಿನಗೆ ಏನು ಗೊತ್ತೋ ಅದನ್ನೇ ಹೇಳು" ಅಂದರು. ನನಗೆ ಗೊತ್ತಿರುವುದು ಒಂದೇ, ಎಂಜಿನ್ನಿನ ಸದ್ದು. ಅದರಲ್ಲೂ ಹಳೆಯ ಎಂಜಿನ್ನಿನ ಸದ್ದು.

ಇದು ಶುರುವಾದದ್ದು ಈ ಶಾಲೆಯಲ್ಲೇ. ನಾವು ಓದುವಾಗ ಮೆಟ್ರೋ ಇರಲಿಲ್ಲ, ಮೇಲ್ಸೇತುವೆ ಇರಲಿಲ್ಲ. ತುಮಕೂರು ರಸ್ತೆಯ ಲಾರಿಗಳ ಸದ್ದು ನೇರವಾಗಿ ತರಗತಿಯೊಳಗೆ ಬರುತ್ತಿತ್ತು. ಯಶವಂತಪುರದ ಮಾರುಕಟ್ಟೆಗೆ ಈರುಳ್ಳಿ ತರುವ ಲಾರಿ, ಪೀಣ್ಯಕ್ಕೆ ಕಬ್ಬಿಣ ಒಯ್ಯುವ ಲಾರಿ. ಕಿಟಕಿ ಪಕ್ಕ ಕೂತ ನಾವು ಮೂವರು ಕಣ್ಣು ಮುಚ್ಚಿ, ಬರುತ್ತಿರುವುದು ಲೇಲ್ಯಾಂಡ್ ಕಾಮೆಟ್ಟೋ ಟಾಟಾ 1210ಓ ಅಂತ ಪಂದ್ಯ ಕಟ್ಟುತ್ತಿದ್ದೆವು. ಪಂದ್ಯಕ್ಕೆ ಒಂದು ಬಳಪ. ಒಂದು ದಿನ ಕನ್ನಡ ಮೇಷ್ಟ್ರು ನನ್ನನ್ನು ಎಬ್ಬಿಸಿ ಅನುಕರಣಾವ್ಯಯಕ್ಕೆ ಐದು ಉದಾಹರಣೆ ಕೇಳಿದರು. ಪಾಠ ಕೇಳಿರಲಿಲ್ಲ. ಹೊರಗೆ ಹೋಗುತ್ತಿದ್ದ ಲಾರಿಯ ಸದ್ದನ್ನೇ ಹೇಳಿದೆ: ಗೊರಗೊರ, ಟಕಟಕ, ದಡದಡ, ಕಿರ್ರನೆ, ಬುಸ್ಸನೆ. ಮೇಷ್ಟ್ರು ನಕ್ಕು, "ಊರಿನ ಹೆಸರಲ್ಲೇ ಒಂದು ಗೊರ ಇದೆ, ಅದನ್ನ ಬಿಟ್ಟು ಲೆಕ್ಕ ಹಾಕಿದರೂ ನಾಲ್ಕು ಸರಿ" ಅಂದರು. ಆಮೇಲೆ ನನ್ನ ಕಸುಬೆಲ್ಲ ಆ ಪಾಠದ ಮೇಲೆಯೇ ನಡೆಯಿತು ಅಂದರೆ ತಪ್ಪಲ್ಲ. ಗ್ಯಾರೇಜಿಗೆ ಬರುವವರು ಬಿಗ್ ಎಂಡ್ ಬೇರಿಂಗ್ ಹೋಗಿದೆ ಅಂತ ಹೇಳಿಕೊಂಡು ಬರುವುದಿಲ್ಲ. "ಟಕ್ ಟಕ್ ಅಂತಿದೆ", "ಚಸ್ ಚಸ್ ಅಂತಿದೆ" ಅಂತಲೇ ಬರುತ್ತಾರೆ. ಅಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ, ನಾವು ಸರಿಯಾಗಿ ಕೇಳಿಸಿಕೊಂಡರೆ.

ಇವತ್ತು ಮೈದಾನದಲ್ಲಿ ಒಂದು ಪುಟ್ಟ ಕಾರು ನಿಂತಿದೆ, ನೋಡಿದ್ದೀರಿ. ಮಕ್ಕಳು ಅದನ್ನು ಆಟಿಕೆ ಅಂದುಕೊಂಡು ಬಾನೆಟ್ ತಟ್ಟಿ ನೋಡುತ್ತಿದ್ದರು. ತಟ್ಟಿದರೆ ಕಬ್ಬಿಣದ ಸದ್ದು ಬರುವುದಿಲ್ಲ, ಅದು ಫೈಬರ್ ಬಾಡಿ. ಹೆಸರು ಡಾಲ್ಫಿನ್. ನಮ್ಮ ಬೆಂಗಳೂರಿನ ಸಿಪಾನಿ ಕಂಪನಿಯ ಕಾರು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಅನ್ನುವ ಕಾರನ್ನು ಆಧರಿಸಿ 1982ರಲ್ಲಿ ಇಲ್ಲಿ ತಯಾರಿಸಲು ಆರಂಭಿಸಿದರು. ಅದಕ್ಕೂ ಮುಂಚೆ ಅವರು ಬಾದಲ್ ಅನ್ನುವ ಮೂರು ಚಕ್ರದ ಗಾಡಿ ಮಾಡುತ್ತಿದ್ದರು. ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. ಡಾಲ್ಫಿನ್‌ಗೆ ಎರಡೇ ಬಾಗಿಲು. 848 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಬ್ಲಾಕು, ಹೆಡ್ಡು ಎರಡೂ ಅಲ್ಯುಮಿನಿಯಂ. ಅಂಬಾಸಿಡರ್, ಫಿಯಟ್ ಮಾತ್ರ ನೋಡಿದ್ದ ಕಾಲದಲ್ಲಿ ಅದು ಹತ್ತಿಯ ಹಾಗೆ ಹಗುರ. ಅದಕ್ಕೇ ರ್ಯಾಲಿ ಓಡಿಸುವವರು ಇದನ್ನು ಇಷ್ಟಪಟ್ಟರು. ಕಂಪನಿಯವರು ಇದನ್ನು ಸ್ಪೋರ್ಟ್ಸ್ ಕಾರು ಅಂತ ಮಾರಲಿಲ್ಲ, ನಾವು ಹುಡುಗರು ಹಾಗೆ ಕರೆದೆವು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಇದರ ಕಥೆ ಬೇಗ ಮುಗಿಯಿತು.

ಈ ಕಾರಿನ ಮಾಲೀಕರು ತುಮಕೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಈಗ ಅವರಿಲ್ಲ. ಅವರ ಮಗ ನನ್ನ ಸಹಪಾಠಿ. ಇವತ್ತು ಕಾರು ತಂದವನು ಅವನೇ, ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಅವನ ಒಪ್ಪಿಗೆ ಕೇಳಿಯೇ ನಾನು ಈ ವಿಷಯ ಹೇಳುತ್ತಿರುವುದು.

1995ನೇ ಇಸವಿ. ನಾನು ಮೇಸ್ತ್ರಿ ಕೈಕೆಳಗಿನಿಂದ ಹೊರಬಂದು ಸ್ವಂತ ಶೆಡ್ ಹಾಕಿ ಒಂದು ವರ್ಷವಾಗಿತ್ತು. ಅವರು ಈ ಡಾಲ್ಫಿನ್ ತಂದರು. ಯಾರೋ ರ್ಯಾಲಿಯವರಿಂದ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಎಂಜಿನ್ ಸ್ಟಾರ್ಟ್ ಮಾಡಿದರು. ಸ್ಲೋ ಸ್ಪೀಡಿನಲ್ಲಿ ಟಕ್ ಟಕ್ ಟಕ್ ಅಂತ ಗಟ್ಟಿ ಸದ್ದು, ಕೆಳಗಿನಿಂದ. ನಾನು ಬಗ್ಗಿ ಕೂಡ ನೋಡಲಿಲ್ಲ. "ಬೇರಿಂಗ್ ಹೋಗಿದೆ ಸಾರ್. ರ್ಯಾಲಿ ಗಾಡಿ ಅಲ್ವಾ, ಎಳೆದಾಡಿಬಿಟ್ಟಿದ್ದಾರೆ" ಅಂದೆ. ಹಾಗೆ ತಕ್ಷಣ ಹೇಳಿದರೆ ಗಿರಾಕಿಗೆ ನಂಬಿಕೆ ಬರುತ್ತದೆ ಅಂತ ನನಗೆ ಯಾರೋ ಹೇಳಿಕೊಟ್ಟಿದ್ದರು.

ಬೇರಿಂಗ್ ಸಿಗುವುದೇ ಕಷ್ಟ. ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ಹನ್ನೆರಡನೇ ದಿನಕ್ಕೆ ಒಂದು ಸೆಟ್ ಸಿಕ್ಕಿತು. ಚೇಂಬರ್ ಬಿಚ್ಚಿ ಹಳೆಯದು ತೆಗೆದೆ. ತೆಗೆದ ಬೇರಿಂಗ್ ಕೈಯಲ್ಲಿ ಹಿಡಿದಾಗಲೇ ಹೊಟ್ಟೆಯಲ್ಲಿ ಏನೋ ಆಯಿತು. ಸವೆದಿರಲಿಲ್ಲ. ಮೇಲ್ಮೈ ನುಣ್ಣಗೆ, ಒಂದು ಗೀರಿಲ್ಲ. ಆದರೂ ಹೊಸದು ಹಾಕಿದೆ. ಮುಚ್ಚಿ, ಆಯಿಲ್ ತುಂಬಿ, ಸ್ಟಾರ್ಟ್ ಮಾಡಿದೆ.

ಟಕ್ ಟಕ್ ಟಕ್. ಅದೇ ಸದ್ದು.

ಹೊಸದಾಗಿ ಸೇರಿದ್ದ ಹೆಲ್ಪರ್ ಒಬ್ಬನಿದ್ದ. ಎಂಜಿನ್ ಆಫ್ ಮಾಡಿದ ಮೇಲೆ ಅವನು ಫ್ಯಾನ್ ಬೆಲ್ಟ್ ಬಿಗಿ ನೋಡಲು ಕೈ ಹಾಕಿದವನು, "ಅಣ್ಣಾ, ಈ ಪುಲ್ಲಿ ಅಳ್ಳಾಡ್ತಾ ಇದೆ" ಅಂದ. ಕ್ರ್ಯಾಂಕ್ ಶಾಫ್ಟಿನ ಮುಂದಿನ ಪುಲ್ಲಿ. ಅದರ ಬೋಲ್ಟ್ ಸಡಿಲವಾಗಿ, ಒಳಗಿನ ಕೀ ಸವೆದು, ಪುಲ್ಲಿ ಶಾಫ್ಟಿನ ಮೇಲೆ ಒಂದಿಷ್ಟು ಹಿಂದೆ ಮುಂದೆ ಹೊಡೆದುಕೊಳ್ಳುತ್ತಿತ್ತು. ಹೊಸ ಕೀ, ಹೊಸ ಬೋಲ್ಟ್. ಒಂದು ಗಂಟೆಯ ಕೆಲಸ. ಸದ್ದು ನಿಂತಿತು.

ಸಂಜೆ ಅವರು ಬಂದರು. ಕಾರು ಸ್ಟಾರ್ಟ್ ಮಾಡಿ ಕೇಳಿ, "ಬೇರಿಂಗೇನಾ?" ಅಂದರು. "ಹೌದು ಸಾರ್" ಅಂದೆ. 2,850 ರೂಪಾಯಿ ಬಿಲ್ಲು. ಅವರು ಎರಡು ಕಂತಿನಲ್ಲಿ ಕೊಟ್ಟರು. ಹಳೆಯ ಸಾಮಾನು ಗಿರಾಕಿಗೆ ವಾಪಸ್ ಕೊಡುವುದು ಪದ್ಧತಿ. ಬೇರಿಂಗುಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಅವರು ಅದನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಹೋದರು.

ಈಗ ಮಕ್ಕಳೆ, ನಾನು ಎಲ್ಲಿ ತಪ್ಪಿದೆ ಅಂತ ನೋಡಿ. ಮೊದಲ ದಿನ ಅವರು ಆಕ್ಸಿಲರೇಟರ್ ಒತ್ತಿದಾಗ ಆ ಟಕ್ ಟಕ್ ಕಡಿಮೆಯಾಗಿತ್ತು. ಅದು ನನ್ನ ಕಿವಿಗೆ ಬಿದ್ದಿತ್ತು. ಬೇರಿಂಗ್ ಸವೆದಿದ್ದರೆ ಹಾಗಾಗುವುದಿಲ್ಲ. ಎಂಜಿನ್ ಮೇಲೆ ಭಾರ ಬಿದ್ದಷ್ಟೂ, ವೇಗ ಏರಿಸಿದಷ್ಟೂ ಅದರ ಸದ್ದು ಹೆಚ್ಚುತ್ತದೆ. ಸಡಿಲವಾದ ಪುಲ್ಲಿಯದು ತಿರುಗುಮುರುಗು. ಸ್ಲೋ ಸ್ಪೀಡಿನಲ್ಲಿ ಕ್ರ್ಯಾಂಕ್ ಶಾಫ್ಟ್ ಒಂದೇ ಸಮ ತಿರುಗುವುದಿಲ್ಲ. ಒಂದೊಂದು ಸಿಲಿಂಡರ್ ಉರಿದಾಗಲೂ ಸ್ವಲ್ಪ ಮುಂದಕ್ಕೆ ನೆಗೆದು ಹಿಂಜರಿಯುತ್ತದೆ. ಆ ಕುಲುಕಾಟದಲ್ಲಿ ಪುಲ್ಲಿ ಹೊಡೆದುಕೊಳ್ಳುತ್ತದೆ. ವೇಗ ಏರಿದಾಗ ತಿರುಗಾಟ ಸಮನಾಗಿ ಸದ್ದು ಅಡಗುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಬಾಯಿಂದ ಬೇರಿಂಗ್ ಅನ್ನುವ ಮಾತು ಬಂದುಬಿಟ್ಟಿತ್ತಲ್ಲ, ಆಮೇಲೆ ಕಿವಿ ಅದಕ್ಕೆ ಒಪ್ಪುವುದನ್ನು ಮಾತ್ರ ಕೇಳಿಸಿಕೊಂಡಿತು.

ಮರುವರ್ಷ ಅವರು ಮತ್ತೆ ಬಂದರು. ಬರುವುದಿಲ್ಲ ಅಂದುಕೊಂಡಿದ್ದೆ. ಈ ಸಲ ಟಿಕ್ ಟಿಕ್ ಟಿಕ್ ಅಂತ ಸಣ್ಣ ಸದ್ದು, ಮೇಲ್ಗಡೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದು, "ಏನಾಗಿದೆ ಅಂತ ಈಗಲೇ ಹೇಳಬೇಡಪ್ಪ. ಏನು ಕೇಳಿಸ್ತಿದೆ ಅಂತ ಮೊದಲು ಹೇಳು" ಅಂದರು. ಜೇಬಿನಿಂದ ಪುಟ್ಟ ನೋಟ್‌ಬುಕ್ಕು, ಪೆನ್ಸಿಲ್ಲು ತೆಗೆದರು. "ತಣ್ಣಗಿದ್ದಾಗ ಹೇಗೆ? ಬಿಸಿಯಾದ ಮೇಲೆ ಹೇಗೆ? ರೇಸ್ ಕೊಟ್ಟಾಗ? ಏರಿನಲ್ಲಿ? ಕ್ಲಚ್ ತುಳಿದಾಗ?" ಒಂದೊಂದಕ್ಕೂ ಉತ್ತರ ಬರೆದುಕೊಂಡರು. ಒಳ್ಳೆ ಪರೀಕ್ಷೆಗೆ ಕೂರಿಸಿದ ಹಾಗಾಯಿತು.

ಆ ಟಿಕ್ ಟಿಕ್ ಕೇಳಿದರೆ ಯಾರಾದರೂ ಟ್ಯಾಪೆಟ್ ಅನ್ನುತ್ತಾರೆ. ನಾನೂ ಹಾಗೆಯೇ ಅನ್ನುತ್ತಿದ್ದೆ. ಆದರೆ ಅವರ ನೋಟ್‌ಬುಕ್ಕಿನಲ್ಲಿ ಬೇರೆ ಇತ್ತು: ಬೆಳಿಗ್ಗೆ ತಣ್ಣಗಿದ್ದಾಗ ಜೋರು, ಹತ್ತು ನಿಮಿಷ ಓಡಿದ ಮೇಲೆ ಬಹುಪಾಲು ಇಲ್ಲ. ಇಲ್ಲಿ ನಿಮ್ಮ ವಿಜ್ಞಾನ ಪುಸ್ತಕ ತೆಗೆಯಬೇಕು. ಘನವಸ್ತುಗಳ ವ್ಯಾಕೋಚನ ಅಂತ ಪಾಠ ಇದೆಯಲ್ಲ, ಅದು. ಒಂದು ಡಿಗ್ರಿ ಶಾಖ ಏರಿದರೆ ಅಲ್ಯುಮಿನಿಯಂ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಬೆಳೆಯುತ್ತದೆ, ಉಕ್ಕು ಸುಮಾರು 12 ಪಾಲು. ಈ ಎಂಜಿನ್ನಿನ ಬ್ಲಾಕು ಅಲ್ಯುಮಿನಿಯಂ. ಕವಾಟ ತೆರೆಯಲು ಕೆಳಗಿನಿಂದ ತಳ್ಳುವ ಪುಶ್ ರಾಡ್ ಉಕ್ಕು. 150 ಮಿಲಿಮೀಟರ್ ಉದ್ದ ಅಂತ ಇಟ್ಟುಕೊಳ್ಳಿ, 60 ಡಿಗ್ರಿ ಬಿಸಿ ಏರಿತು ಅಂದುಕೊಳ್ಳಿ. ಬ್ಲಾಕು ರಾಡಿಗಿಂತ ಸುಮಾರು 0.1 ಮಿಲಿಮೀಟರ್ ಹೆಚ್ಚು ಬೆಳೆಯುತ್ತದೆ. ಅಂದರೆ ಬಿಸಿಯಾದಷ್ಟೂ ಟ್ಯಾಪೆಟ್ ಸಂದು ಅಗಲವಾಗುತ್ತದೆ, ಸದ್ದು ಹೆಚ್ಚಬೇಕು. ಇಲ್ಲಿ ಕಡಿಮೆಯಾಗುತ್ತಿದೆ. ಹಾಗಾದರೆ ಟ್ಯಾಪೆಟ್ ಇರಲಾರದು.

ಬಿಸಿಯಾದರೆ ಕಡಿಮೆಯಾಗುವ ಸದ್ದುಗಳು ಮುಖ್ಯವಾಗಿ ಎರಡು. ಒಂದು, ಸವೆದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಬಡಿಯುವುದು. ಅದು ಟಿಕ್ ಅನ್ನುವುದಿಲ್ಲ, ಡಬ್ ಡಬ್ ಅನ್ನುತ್ತದೆ. ಇನ್ನೊಂದು, ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಸೀಳಿ ಗಾಳಿ ಸೋರುವುದು. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚಿಕೊಂಡಾಗ ಸದ್ದು ನಿಲ್ಲುತ್ತದೆ. ಟಾರ್ಚ್ ಬಿಟ್ಟು ನೋಡಿದೆ. ಮೂರನೇ ಸಿಲಿಂಡರಿನ ಹತ್ತಿರ ಕೀಲಿನ ಸುತ್ತ ಕಪ್ಪು ಮಸಿಯ ಗೆರೆ. ಅಲ್ಯುಮಿನಿಯಂ ಹೆಡ್ಡಿನಲ್ಲಿ ಒಂದು ಸ್ಟಡ್ಡಿನ ಮರೆ ಕಿತ್ತು ಬಂದಿತ್ತು. ಒಂದು ಹೊಸ ಸ್ಟಡ್ಡು, ಒಂದು ಪ್ಯಾಕಿಂಗು. ಎಂಜಿನ್ ಬಿಚ್ಚಲಿಲ್ಲ.

ಅಂದಿನಿಂದ ನನ್ನ ಶೆಡ್ಡಿನ ಗೋಡೆಗೆ ಒಂದು ಹಲಗೆ ಹಾಕಿದೆ. ಗಾಡಿ ಬಂದರೆ ಸದ್ದು ಮೊದಲು ಹಲಗೆಯ ಮೇಲೆ, ಸ್ಪ್ಯಾನರ್ ಆಮೇಲೆ. ಹಲಗೆಯ ಮೇಲೆ ಬರೆಯುವುದು ನೀವೆಲ್ಲ ಬಲ್ಲ ಮಾತುಗಳೇ. ತಾಳ ಮೊದಲು ನೋಡುತ್ತೇನೆ. ಎಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 15. ಒಂದು ಕವಾಟ ಎರಡು ಸುತ್ತಿಗೆ ಒಮ್ಮೆ ಮಾತ್ರ ತೆರೆಯುತ್ತದೆ, ಅಂದರೆ ಸೆಕೆಂಡಿಗೆ ಏಳೆಂಟು ಸಲ. ಹೀಗಾಗಿ ಒಂದೇ ಟ್ಯಾಪೆಟ್ಟಿನ ಸದ್ದು ಎಂಜಿನ್ನಿನ ಓಟಕ್ಕಿಂತ ನಿಧಾನ, ಅರ್ಧ ತಾಳ. ಹಾರ್ಮೋನಿಯಂ ಪಕ್ಕ ಕೂತು ತಬಲಾ ಕೇಳಿದವರಿಗೆ ಇದು ಸುಲಭ. ನಮ್ಮೂರ ಭಜನೆ ಮಂಡಳಿಯವರು ಒಳ್ಳೆ ಮೆಕ್ಯಾನಿಕ್ ಆಗಬಹುದಿತ್ತು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಆಮೇಲೆ ಜಾಗ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ತಾಗಿಸಿದರೆ, ಡಾಕ್ಟರ ಸ್ಟೆತಸ್ಕೋಪಿನ ಹಾಗೆ. ಹತ್ತಿರವಾದಷ್ಟೂ ಸದ್ದು ಚೂಪಾಗುತ್ತದೆ. ಆದರೆ ಲೋಹ ಚಾಡಿಕೋರ. ಇಲ್ಲಿನ ಸುದ್ದಿಯನ್ನು ಅಲ್ಲಿ ಹೇಳುತ್ತದೆ. ಅದರಲ್ಲೂ ಅಲ್ಯುಮಿನಿಯಂ ಬ್ಲಾಕು ಎರಕದ ಕಬ್ಬಿಣಕ್ಕಿಂತ ಹೆಚ್ಚು ಮಾತಾಡುತ್ತದೆ. ಅದಕ್ಕೇ ಒಂದು ಜಾಗದಲ್ಲಿ ಕೇಳಿ ತೀರ್ಮಾನಿಸಬಾರದು.

ಕಿರ್ರ್ ಅಥವಾ ಗೊರಗೊರ ಮುಂಭಾಗದಿಂದ ಬಂದರೆ ಫ್ಯಾನ್ ಬೆಲ್ಟ್ ಕಳಚಿ ಅರ್ಧ ನಿಮಿಷ ಮಾತ್ರ ಓಡಿಸಿ ನೋಡಿ. ಸದ್ದು ಹೋದರೆ ಡೈನಮೋ ಅಥವಾ ವಾಟರ್ ಪಂಪಿನ ಬೇರಿಂಗ್ ಮೇಲೆ ಅನುಮಾನ. ಪುಲ್ಲಿಯನ್ನೂ ಅಲ್ಲಾಡಿಸಿ ನೋಡಿ, ಎಂಜಿನ್ ಆಫ್ ಮಾಡಿ. ಇದನ್ನು ನಾನು ಮರೆಯುವುದಿಲ್ಲ. ಕ್ಲಚ್ ತುಳಿದ ಕೂಡಲೇ ಸದ್ದು ಬದಲಾದರೆ ಎಂಜಿನ್ ಬಿಟ್ಟು ಹಿಂದಕ್ಕೆ ಹೋಗಿ, ಕ್ಲಚ್ಚು, ಫ್ಲೈವೀಲು, ಗೇರ್ ಬಾಕ್ಸು. ಏರಿನಲ್ಲಿ ಮಾತ್ರ ಗಾಜಿನ ಗೋಲಿ ಅಲ್ಲಾಡಿಸಿದ ಹಾಗೆ ಕಟಕಟ ಅಂದರೆ ಅದು ಸಾಮಾನ್ಯವಾಗಿ ಯಾವ ಬಿಡಿಭಾಗದ ಸವೆತವೂ ಅಲ್ಲ. ಪೆಟ್ರೋಲ್ ಹೊತ್ತಿಕೊಳ್ಳುವ ಹೊತ್ತು ತಪ್ಪಿದೆ. ಡಿಸ್ಟ್ರಿಬ್ಯೂಟರನ್ನು ಒಂದು ಕೂದಲೆಳೆ ತಿರುಗಿಸಿದರೆ ಸಾಕು. ಅದಕ್ಕೂ ಹೆಡ್ ಬಿಚ್ಚಿಸಿಕೊಂಡು ದುಡ್ಡು ಕೊಟ್ಟವರನ್ನು ನೋಡಿದ್ದೇನೆ.

ಹಾಗಂತ ಎಲ್ಲ ಟಕ್ ಟಕ್ಕೂ ಪುಲ್ಲಿಯಲ್ಲ. ಈಗ ಹೇಳಿದ ಕಥೆ ಕೇಳಿ ಯಾರಾದರೂ ನಿಜವಾದ ಬೇರಿಂಗ್ ಸದ್ದನ್ನು ಕಡೆಗಣಿಸಿದರೆ ಅದೂ ನನ್ನ ತಲೆಗೇ ಬರುತ್ತದೆ. ರೇಸ್ ಕೊಟ್ಟು ಬಿಟ್ಟಾಗ ಟಕಟಕ ಅಂತ ಎರಡು ಪೆಟ್ಟು ಕೇಳಿಸಿದರೆ, ಆಯಿಲ್ ಬಿಸಿಯಾಗಿ ತೆಳುವಾದ ಮೇಲೆ ಸದ್ದು ಜೋರಾದರೆ, ಒಂದು ಸಿಲಿಂಡರಿಗೆ ಕಿಡಿ ನಿಲ್ಲಿಸಿದಾಗ ಸದ್ದು ಅಡಗಿದರೆ, ಅದು ಕನೆಕ್ಟಿಂಗ್ ರಾಡಿನ ಬೇರಿಂಗ್ ಅನ್ನಲು ಆಧಾರವಿದೆ. ಇವು ಮೂರೂ ಸೇರಿದರೆ ಗಾಡಿ ಮುಂದಕ್ಕೆ ಒಂದು ಫರ್ಲಾಂಗೂ ಓಡಿಸಬೇಡಿ. ಆಯಿಲ್ ದೀಪ ಹೊತ್ತಿಕೊಂಡಿದ್ದರಂತೂ ಅಲ್ಲೇ ನಿಲ್ಲಿಸಿ. ಇನ್ನೂ ಓಡಿಸಿದರೆ ರಾಡು ಬ್ಲಾಕನ್ನು ಒಡೆದು ಹೊರಗೆ ಬರುತ್ತದೆ. ಹಾಗೆ ಒಡೆದ ಒಂದು ಟ್ಯಾಕ್ಸಿಯ ಬ್ಲಾಕು ಈಗಲೂ ನನ್ನ ಶೆಡ್ಡಿನ ಮೂಲೆಯಲ್ಲಿದೆ. ಮುಷ್ಟಿ ತೂರುವಷ್ಟು ತೂತು.

ಕಿಡಿ ನಿಲ್ಲಿಸುವ ಆ ಪರೀಕ್ಷೆ ಹಳೆಯ ಗಾಡಿಗೆ ಮಾತ್ರ. ಇಂದಿನ ಕಂಪ್ಯೂಟರ್ ಇರುವ ಕಾರಿನಲ್ಲಿ ಪ್ಲಗ್ ವೈರ್ ಎಳೆಯಲು ಹೋಗಬೇಡಿ. ನಿಮಗೂ ಶಾಕ್, ಅದಕ್ಕೂ ಕೇಡು. ಸ್ಕ್ಯಾನರ್ ಬಂದ ಮೇಲೆ ಕಿವಿ ಯಾಕೆ ಅಂತ ಹುಡುಗರು ಕೇಳುತ್ತಾರೆ. ಸ್ಕ್ಯಾನರ್ ಒಳ್ಳೆಯದೇ, ನನ್ನ ಹತ್ತಿರವೂ ಇದೆ. ಆದರೆ ಪುಲ್ಲಿ ಸಡಿಲ ಅಂತ ಅದು ಇದುವರೆಗೆ ನನಗೆ ಒಮ್ಮೆಯೂ ಹೇಳಿಲ್ಲ.

ಡಾಲ್ಫಿನ್‌ನ ಮಾಲೀಕರ ವಿಷಯ ಅರ್ಧಕ್ಕೆ ಬಿಟ್ಟೆ. ಹದಿನಾಲ್ಕು ವರ್ಷ ಅವರ ಕಾರು ನಾನೇ ನೋಡಿಕೊಂಡೆ. ಅವರು ಹಾಸಿಗೆ ಹಿಡಿದಿದ್ದಾರೆ ಅಂತ ಗೆಳೆಯ ಹೇಳಿದ ದಿನ 2,850 ರೂಪಾಯಿ ಕವರಿನಲ್ಲಿ ಹಾಕಿಕೊಂಡು ಹೋದೆ. ನಡೆದದ್ದು ಹೇಳಿದೆ. ಅವರು ಮಗನಿಗೆ ಬೀರುವಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತರಿಸಿದರು. ಒಳಗೆ ಅದೇ ಬೇರಿಂಗುಗಳು, ನಾನು ಸುತ್ತಿಕೊಟ್ಟ ಪೇಪರಿನಲ್ಲೇ. ಜೊತೆಗೆ ಒಂದು ಚೀಟಿ. ಒಂದೊಂದು ಬೇರಿಂಗನ್ನೂ ಮೂರು ಮೂರು ಕಡೆ ಮೈಕ್ರೋಮೀಟರಿನಲ್ಲಿ ಅಳೆದು ಪೆನ್ಸಿಲಿನಲ್ಲಿ ಬರೆದಿದ್ದರು. ಕೆಳಗೆ, "ಸವೆತ ಇಲ್ಲ."

"ಗೊತ್ತಿತ್ತಾ ಸಾರ್?" ಅಂದೆ.

"ಅವತ್ತೇ ಗೊತ್ತಾಯ್ತಪ್ಪ. ಪುಲ್ಲಿ ಬೋಲ್ಟ್ ಹೊಸದಾಗಿ ಹೊಳೀತಿತ್ತು. ನಿನ್ನ ಬಿಲ್ಲಲ್ಲಿ ಬೋಲ್ಟೇ ಇರಲಿಲ್ಲ. ಮನೆಗೆ ಬಂದು ಇವನ್ನ ಅಳೆದೆ."

"ಮತ್ತೆ ಯಾಕೆ ಕೇಳಲಿಲ್ಲ?"

ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಕವರು ತೆಗೆದುಕೊಂಡರು. ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ. ಎಣಿಸಿಯೇ ತೆಗೆದುಕೊಂಡರು. ಆಮೇಲೆ, "ಈಗ ಕಾರು ಹೇಗೆ ಕೇಳಿಸ್ತಿದೆ?" ಅಂದರು. ಆ ವಾರ ಮುಂಭಾಗದಲ್ಲಿ ಸರಪಳಿ ಉಜ್ಜಿದ ಹಾಗೆ ಸಣ್ಣ ಗಲಗಲ ಇತ್ತು. ಟೈಮಿಂಗ್ ಚೈನ್ ಅಂತ ನನ್ನ ನಾಲಿಗೆಯ ತುದಿಯಲ್ಲಿತ್ತು. "ತಣ್ಣಗಿದ್ದಾಗ ಒಂದು ಗಲಗಲ ಇದೆ ಸಾರ್, ಬಿಸಿಯಾದ ಮೇಲೆ ಇನ್ನೂ ಕೇಳಿಲ್ಲ" ಅಂದೆ. ಅವರು ತಲೆಯಾಡಿಸಿದರು.

ಮುಖ್ಯೋಪಾಧ್ಯಾಯರು ಗಡಿಯಾರ ನೋಡುತ್ತಿದ್ದಾರೆ. ಈಗ ಹೊರಗೆ ಹೋಗೋಣ. ಕಾರು ಬೆಳಿಗ್ಗೆಯಿಂದ ನಿಂತಿದೆ, ಎಂಜಿನ್ ತಣ್ಣಗಿದೆ. ನಾನು ಅದರಲ್ಲಿ ಎರಡು ಸದ್ದು ಬೇಕೆಂದೇ ಉಳಿಸಿದ್ದೇನೆ. ಒಂದು ಟ್ಯಾಪೆಟ್ ಸ್ವಲ್ಪ ಸಡಿಲ ಬಿಟ್ಟಿದ್ದೇನೆ, ಎರಡನೆಯದು ಏನು ಅಂತ ಹೇಳುವುದಿಲ್ಲ. ಐದೈದು ಜನ ಬನ್ನಿ. ಹುಡುಗಿಯರು ಜಡೆ, ದುಪ್ಪಟ್ಟ ಬಿಗಿಯಾಗಿ ಕಟ್ಟಿಕೊಳ್ಳಿ, ಹಿರಿಯರು ಟವೆಲ್ ಹೆಗಲಿನಿಂದ ತೆಗೆಯಿರಿ, ಫ್ಯಾನಿನ ಹತ್ತಿರ ಯಾರೂ ಕೈ ಚಾಚಬೇಡಿ. ಸೈಲೆನ್ಸರ್ ಹಿಂದೆ ನಿಲ್ಲಬೇಡಿ. ಸ್ಕ್ರೂಡ್ರೈವರ್ ನಾನು ಹಿಡಿದುಕೊಂಡಿರುತ್ತೇನೆ, ನೀವು ಕಿವಿ ಕೊಡಿ. ಕೇಳಿದ್ದನ್ನು ಚೀಟಿಯಲ್ಲಿ ಬರೆದುಕೊಡಿ. ಯಾವ ಭಾಗ ಕೆಟ್ಟಿದೆ ಅಂತ ಬರೆದರೆ ಚೀಟಿ ವಾಪಸ್ ಕೊಡುತ್ತೇನೆ. ಮೊದಲ ಸುತ್ತಿಗೆ ಹತ್ತನೇ ತರಗತಿ ಎ ವಿಭಾಗದವರು ಏಳಿ.